ಹಗೇವಿನ ಬೂಷ್ಟಿಗೆ ಸಾಕ್ಷಿ

ಮದುವೆಯಾದ ನಾಲ್ಕನೆಯ ವರ್ಷ ನಮ್ಮವರಿಗೆ ಕೆಮ್ಮು ಹತ್ತಿತು. ಆಗ ನಾವು ಮುದ್ದೇಬಿಹಾಳದಲ್ಲಿ ಎರಡು ಅಂಕಣದ ಬಾಡಿಗೆ ಮನೆಯಲ್ಲಿದ್ದೆವು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಕಲಿಸುತ್ತಿದ್ದೆ. ನಮ್ಮವರು ಜೋಳದ ವ್ಯಾಪಾರಿಯೊಬ್ಬರ ವಖಾರಿಯಲ್ಲಿ, ಕಾಳಿನ ಗೋದಾಮಿನಲ್ಲಿ, ದುಡಿಯುತ್ತಿದ್ದರು. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕಚೇರಿಗಳಲ್ಲಿ ಯಾವ ಅರ್ಜಿ ಎಲ್ಲಿಗೆ ಹೋಗಬೇಕು ಎಂಬುದು ಕಚೇರಿಯವರಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಆ ಗೊಡವೆ ನಮಗೆ ಎಂದಾದರೂ ಬಂದೀತು ಎಂದು ನಾವು ಎಣಿಸಿರಲಿಲ್ಲ.

ವಖಾರಿಯ ಹಿಂದಿನ ಬಯಲಿನಲ್ಲಿ ಹಗೇವುಗಳಿದ್ದವು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಕುಣಿಗಳು ಅವು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಜೋಳದ ಕಣಿಕೆ ಒತ್ತಿ, ಕಾಳು ಸುರಿದು, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕಾಳು ಕೆಡುತ್ತಿರಲಿಲ್ಲ. ಆದರೆ ಅದರ ಹಿಂದಿನ ಮಳೆಗಾಲದಲ್ಲಿ ನೀರು ಒಳಗೆ ಜಿನುಗಿ, ಕಣಿಕೆಗೆ ತಾಗಿದ ಜೋಳವೆಲ್ಲ ಬೂಷ್ಟು ಹಿಡಿದಿತ್ತು. ಅದನ್ನು ಕೆದರಿ ಮೇಲೆ ತೆಗೆದು, ಒಣಗಿಸಿ, ಸಾಣಿಗೆಯಲ್ಲಿ ಜರಡಿ ಹಿಡಿದು, ಒಳ್ಳೆಯದನ್ನು ಒಂದು ಕಡೆ, ದನಕ್ಕೆ ಹಾಕುವುದನ್ನು ಒಂದು ಕಡೆ ಮಾಡುವುದು ನಮ್ಮವರ ಕೆಲಸ. ಸಂಜೆ ಮನೆಗೆ ಬಂದರೆ ಅವರ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಬೂದಿ ಬಣ್ಣ. ನಾನು ನಕ್ಕು, "ಮುದುಕರಾಗಿ ಬಂದ್ರಿ ನೋಡ್ರಿ" ಅನ್ನುತ್ತಿದ್ದೆ. ಅವರೂ ನಗುತ್ತಿದ್ದರು. ಮೂಟೆಯನ್ನು ಒಬ್ಬರೇ ಎತ್ತಿ ಬೆನ್ನಿಗೆ ಹಾಕಿಕೊಳ್ಳುವ ಆಳು ಅವರು. ಕೆಮ್ಮೊಂದು ತಮಗೇನು ಮಾಡೀತು ಎಂಬ ಧೈರ್ಯ.

ಎರಡು ತಿಂಗಳು ಹೀಗೇ ನಡೆಯಿತು. ಸಂಜೆಯಾದರೆ ಮೈ ಬಿಸಿ, ಒಣ ಕೆಮ್ಮು. ಬೆಳಗಾದರೆ ಎಲ್ಲ ಇಳಿದಿರುತ್ತಿತ್ತು. ಆಮೇಲೆ ಒಂದು ದಿನ ನಮ್ಮವರು ಹೊಸದಾಗಿ ಬಾಯಿ ತೆಗೆದ ಹಗೇವಿಗೆ ಇಳಿದವರು ಒಳಗೇ ಕುಸಿದುಬಿದ್ದರು. ಹಗೇವು ತೆರೆದ ಮೇಲೆ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಡಬೇಕು, ಕಂದೀಲು ಇಳಿಸಿ ನೋಡಬೇಕು. ಅಂದು ಗಾಡಿಗಳು ಬಂದು ನಿಂತಿದ್ದವೆಂದು ಅವಸರ ಮಾಡಿದ್ದರು. ಸೊಂಟಕ್ಕೆ ಹಗ್ಗವಿತ್ತಾದ್ದರಿಂದ ಜೊತೆಗಾರ ಎಳೆದು ಮೇಲೆ ತಂದ. ಒಂಬತ್ತು ದಿನ ಹಾಸಿಗೆ ಹಿಡಿದರು. ವಖಾರಿಯ ಸಾಹುಕಾರರು ತಾವೇ ಮನೆಗೆ ಬಂದು ಹೊಸ್ತಿಲಾಚೆ ನಿಂತು ಮಾತಾಡಿಸಿಹೋದರು, ಅರ್ಧ ಚೀಲ ಬಿಳಿಜೋಳ ಕಳಿಸಿದರು. ಅವರು ಕೆಟ್ಟವರೆಂದು ನಾನು ಇಂದಿಗೂ ಹೇಳಲಾರೆ.

ಹತ್ತನೆಯ ದಿನ ನಮ್ಮವರು ಮತ್ತೆ ಕೆಲಸಕ್ಕೆ ಹೋದರು. ಸಂಜೆಯ ಜ್ವರ, ಕೆಮ್ಮು ಮತ್ತೆ ಶುರುವಾದವು. ಈ ಸಲ ಉಸಿರು ಕೂಡ ಸಾಲದಾಯಿತು. ಬಾವಿಯಿಂದ ಎರಡು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತು ಬಾಯಿ ತೆರೆದು ಉಸಿರಾಡುತ್ತಿದ್ದರು.

ಮೊದಲು ಊರಿನ ಒಬ್ಬ ಖಾಸಗಿ ಡಾಕ್ಟರರಿಗೆ ತೋರಿಸಿದೆವು. ಅವರು ಎದೆಯ ಮೇಲೆ ಬೆರಳಿಟ್ಟು ಕುಟ್ಟಿ, "ಬೀಡಿ ಬಿಡು" ಎಂದರು.

"ನಾ ಬೀಡಿ ಸೇದೂದಿಲ್ರಿ" ಅಂದರು ನಮ್ಮವರು.

"ಎಲ್ಲಾರೂ ಹಂಗ ಅಂತಾರ."

ನಾನು ನಮ್ಮವರ ಮುಖ ನೋಡಿದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಬೀಡಿಯ ವಾಸನೆ ಕಂಡವಳಲ್ಲ. ಆದರೂ ಆ ಕ್ಷಣ, ವಖಾರಿಯಲ್ಲಿ ಕದ್ದು ಸೇದುತ್ತಾರೇನೋ ಎಂಬ ಅನುಮಾನ ಬಂತು. ಡಾಕ್ಟರು ಅಂದಮೇಲೆ ಸುಳ್ಳು ಇರಲಿಕ್ಕಿಲ್ಲವಲ್ಲ ಎಂದುಕೊಂಡೆ. ಕೊಟ್ಟ ಔಷಧಿ ಕುಡಿದರು, ಏನೂ ಆಗಲಿಲ್ಲ.

ಆಮೇಲೆ ಯಾರೋ ಹೇಳಿದರೆಂದು ಇಂಡಿಗೆ ಹೋದೆವು. ಅಲ್ಲಿ ನಮ್ಮವರ ಅಕ್ಕನ ಮನೆ. ಅಲ್ಲಿನ ಡಾಕ್ಟರು ಬಹಳ ಹೊತ್ತು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, "ಕ್ಷಯ ಇರಬೇಕು" ಎಂದರು. ಕಫ ಪರೀಕ್ಷೆಗೆ ಕಳಿಸಿದರು. ಅದರ ಕಾಗದ ಬರುವವರೆಗೆ ನಮ್ಮವರ ತಾಟು, ತಂಬಿಗೆ ಬೇರೆ ಇಡಬೇಕೆಂದರು. ನಮ್ಮವರ ಅಕ್ಕ ಏನೂ ಅನ್ನದೆ ತಾಟು ಬೇರೆ ಇಟ್ಟಳು, ಆದರೆ ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಸುದ್ದಿ ಮುದ್ದೇಬಿಹಾಳದ ಶಾಲೆಗೂ ಮುಟ್ಟಿತು. ನಮ್ಮ ಶಾಲೆಯ ಮುಖ್ಯ ಶಿಕ್ಷಕಿ, ಹಿರಿಯ ಬಾಯಿಯವರು, "ಕಾಗದ ಬರೂ ಮಟಾ ಸಣ್ಣ ಹುಡಿಗ್ಯಾರ ಹತ್ರ ಕೂಡಬ್ಯಾಡ್ರಿ ಅಕ್ಕೋರ" ಎಂದರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಕಾಗದ ಬಂತು. ಕಫದಲ್ಲಿ ಏನೂ ಇಲ್ಲ ಎಂದಿತ್ತು. ಮತ್ತೊಮ್ಮೆ ಕಳಿಸಿದರು. ಆಗಲೂ ಏನೂ ಇಲ್ಲ. ಕ್ಷಯ ಅಲ್ಲ ಎಂದು ಖುಷಿಪಡಬೇಕಿತ್ತು. ಆದರೆ ಕ್ಷಯ ಅಲ್ಲದಿದ್ದರೆ ಇದೇನು ಎಂಬುದಕ್ಕೆ ಅವರ ಹತ್ತಿರವೂ ಉತ್ತರ ಇರಲಿಲ್ಲ.

ಬೇಸಿಗೆಯ ರಜೆಯಲ್ಲಿ ನಮ್ಮವರನ್ನು ಸಿಂದಗಿಗೆ, ನನ್ನ ತವರಿಗೆ, ಕರೆದುಕೊಂಡು ಹೋದೆ. ಅಲ್ಲಿ ಒಂದು ತಿಂಗಳು ಏನೂ ಔಷಧಿ ಇಲ್ಲ. ಜೋಳದ ರೊಟ್ಟಿ, ಮೊಸರು, ಬೇವಿನ ಗಿಡದ ಕೆಳಗೆ ನಿದ್ದೆ. ಎರಡನೆಯ ವಾರಕ್ಕೆ ಕೆಮ್ಮು ನಿಂತಿತು. ಮೂರನೆಯ ವಾರಕ್ಕೆ ನನ್ನ ಅಪ್ಪನ ಜೊತೆ ಹೊಲಕ್ಕೆ ನಡೆದು ಹೋಗಿಬಂದರು. ಅವ್ವ, "ನಿನ್ನ ಅಡಗಿ ಸರಿ ಇದ್ದಿಲ್ಲ, ಅದಕ್ಕ ಹಂಗಾಗಿತ್ತು" ಎಂದು ನನ್ನನ್ನೇ ಕುಟುಕಿದಳು. ಹಾಗೂ ಇರಬಹುದು ಎಂದು ನಾನೂ ನಂಬಿದೆ. ಮುದ್ದೇಬಿಹಾಳಕ್ಕೆ ಬಂದು ನಮ್ಮವರು ಕೆಲಸಕ್ಕೆ ಹೋದ ಮೊದಲ ದಿನವೇ ಸಂಜೆ ನಡುಗುತ್ತ ಮನೆಗೆ ಬಂದರು.

ಆ ತಿಂಗಳು ಮುಗಿಯುವುದರೊಳಗೆ ವಖಾರಿಯ ಮುನೀಮರು, "ನಿನಗ ಆಗೂದಿಲ್ಲೋ ತಮ್ಮಾ, ಮನಿಗೆ ಹೋಗು" ಎಂದು ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದರು.

ಅರ್ಜಿ ಹಾಕುವ ಮಾತು ತಂದವರು ನಮ್ಮ ಮನೆಯ ಮಾಲಕರ ನೆಂಟರಾದ ಒಬ್ಬ ವಕೀಲರು. ಎಳೆಯ ವಯಸ್ಸು, ಮಾತು ಬಹಳ ಬಿರುಸು. ಕೆಲಸದಲ್ಲಿ ಆಳಿಗೆ ಅಪಾಯವಾದರೆ ಮಾಲಕರು ಪರಿಹಾರ ಕೊಡಬೇಕೆಂಬ ಕಾಯಿದೆ ಬ್ರಿಟಿಷರ ಕಾಲದಿಂದಲೇ ಇದೆ ಎಂದು ಅವರಿಂದಲೇ ನಮಗೆ ಗೊತ್ತಾಯಿತು. ನಾನು ಬಹಳ ಆಸೆಯಿಂದ ಅವರ ಮುಂದೆ ಎಲ್ಲ ಹೇಳಿದೆ. ಬೂಷ್ಟಿನ ಜೋಳ, ಬೂದಿ ಬಣ್ಣದ ಮೀಸೆ, ಸಿಂದಗಿಯಲ್ಲಿ ವಾಸಿಯಾದದ್ದು. ಅವರು ಕೈ ಎತ್ತಿ ನಿಲ್ಲಿಸಿದರು.

"ನೋಡ್ರಿ ಅಕ್ಕೋರ, ಕಾಯಿದೆದಾಗ ರೋಗದ್ದೊಂದು ಯಾದಿ ಐತಿ. ಸೀಸದ ವಿಷ, ಪಾದರಸದ ವಿಷ, ಹಿಂತಾವು. ಅದರಾಗ ಜ್ವಾಳದ ಬೂಷ್ಟ ಇಲ್ಲ."

"ಮತ್ತ ಇವರಿಗೆ ಆಗಿದ್ದು ಅದರಿಂದನ ಅಲ್ರಿ?"

"ಆಗಿರಬಹುದು. ಯಾದಿಯೊಳಗ ಇಲ್ಲಂದ್ರ ನಡಿಯೂದಿಲ್ಲ. ಅಪಘಾತ ಅಂತ ತೋರಸಬೇಕು. ಹಗೇವಿನ್ಯಾಗ ಬಿದ್ರಲ್ಲ, ಅವತ್ತಿನ ಕೆಟ್ಟ ಗಾಳಿಯಿಂದ ಎದಿ ಕೆಟ್ಟೈತಿ ಅಂತ ಒಬ್ಬ ಡಾಕ್ಟರ್ ಸಾಕ್ಷಿ ಹೇಳಬೇಕು. ಆತಂದ್ರ ಕೇಸು ಗೆದ್ದಂಗ."

ನಮ್ಮವರು ಮೆಲ್ಲಗೆ, "ಆದ್ರ ವಕೀಲ್ರ, ಬೀಳೂಕಿಂತ ಮೊದಲ ಕೆಮ್ಮ ಇತ್ತಲ್ರಿ" ಎಂದರು.

"ಅದನ್ನ ಯಾರ ಕೇಳ್ಯಾರೀಗ?" ಎಂದರು ವಕೀಲರು.

ಹಾದಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಬಿದ್ದದ್ದೂ ನಿಜ, ಕೆಮ್ಮೂ ನಿಜ. ಎರಡನ್ನೂ ಒಂದಕ್ಕೊಂದು ಗಂಟು ಹಾಕಿದರೆ ಸುಳ್ಳಾಗುತ್ತದೆಯೇ? ಅಥವಾ ಆ ಬಿದ್ದದ್ದರಿಂದಲೇ ರೋಗ ಬಲಿತಿರಬಹುದೇ? ನನಗೆ ತಿಳಿಯಲಿಲ್ಲ. ಮನೆಗೆ ಬಂದು ರೊಟ್ಟಿ ತಟ್ಟುವಾಗ ನಮ್ಮವರು ಒಲೆಯ ಹತ್ತಿರ ಕೂತು, "ನನ್ನ ಮೈಯಾಗ ಏನಾಗೇತಿ ಅಂತ ನನಗ ಗೊತ್ತಿಲ್ಲ, ಊರ ಮಂದಿಗೆಲ್ಲ ಗೊತ್ತೈತಿ" ಎಂದರು.

ಸಾಕ್ಷಿ ಹೇಳಲು ಯಾವ ಡಾಕ್ಟರು ಒಪ್ಪಬೇಕು? ಬೀಡಿ ಬಿಡು ಎಂದವರು, "ಕೋರ್ಟು ಕಚೇರಿ ನನ್ನ ಕೆಲಸ ಅಲ್ಲ" ಎಂದು ಒಳಗೆ ಹೋದರು. ಇಂಡಿಯ ಡಾಕ್ಟರು ತಾವು ಬರೆದ ಚೀಟಿಯಲ್ಲಿ ಕ್ಷಯದ ಸಂಶಯ ಎಂದಿರುವುದರಿಂದ ಈಗ ಬೇರೆ ಹೇಳಿದರೆ ತಮ್ಮ ಮರ್ಯಾದೆ ಹೋಗುತ್ತದೆ ಎಂದು ಬಿಚ್ಚುಮನಸ್ಸಿನಿಂದಲೇ ಹೇಳಿದರು. ಹೀಗಿರುವಾಗ ವಖಾರಿಯ ಜೊತೆಗಾರ, ಅಂದು ಹಗ್ಗ ಎಳೆದವನು, ಬಸವನ ಬಾಗೇವಾಡಿಯ ಒಬ್ಬ ಡಾಕ್ಟರ ಹೆಸರು ಹೇಳಿದ. ಅವನ ತಾಯಿಯ ಎದೆಬೇನೆಗೆ ಔಷಧಿ ಕೊಟ್ಟವರಂತೆ.

ಆ ಡಾಕ್ಟರು ಮುಸಲ್ಮಾನರು, ಮಸೂತಿ ಎಂಬ ಊರಿನ ಕಡೆಯ ಒಕ್ಕಲುತನದ ಮನೆತನದವರು. ಅರವತ್ತು ದಾಟಿತ್ತು. ಮುಂಬಯಿಯಲ್ಲಿ ಕಲಿತವರು, ಆದರೆ ಮಾತು ನಮ್ಮ ಹಾಗೆಯೇ. ಮನೆಯ ಪಡಸಾಲೆಯೇ ದವಾಖಾನೆ. ನಾವು ಹೋದಾಗ ಹಗ್ಗದ ಮಂಚದ ಮೇಲೆ ಕೂತು ಹುಡುಗಿಯೊಬ್ಬಳ ಕಿವಿ ನೋಡುತ್ತಿದ್ದರು. ನಮ್ಮ ಸರದಿ ಬಂದಾಗ ವಕೀಲರು ಹೇಳಿಕೊಟ್ಟಂತೆ ನಾನು ಹಗೇವಿನಲ್ಲಿ ಬಿದ್ದ ಕಥೆಯಿಂದ ಶುರುಮಾಡಿದೆ. ಅವರು ಕೇಳಿ ಮುಗಿಸಿ, ಅದನ್ನು ಪಕ್ಕಕ್ಕಿಟ್ಟವರ ಹಾಗೆ ನಮ್ಮವರನ್ನು ಕೇಳಿದರು.

"ಜ್ವರಾ ಯಾವಾಗ ಬರತಿತ್ತು?"

"ಸಂಜಿಮುಂದ ರೀ."

"ದಿನಾ?"

"ದಿನಾ ರೀ. ಸೋಮವಾರ ಬಿಟ್ಟು."

"ಸೋಮವಾರ ಯಾಕಿಲ್ಲ?"

ನಮ್ಮವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಗಾಡಿ ಬರುವುದಿಲ್ಲ, ವಖಾರಿಗೆ ಸೂಟಿ. ಇಷ್ಟು ತಿಂಗಳು ಒಂದೇ ಮನೆಯಲ್ಲಿದ್ದೂ ನನಗೆ ಅದು ಹೊಳೆದಿರಲಿಲ್ಲ.

ಡಾಕ್ಟರು ಎದ್ದು ನಿಂತರು. ಬಹಳ ಹೊತ್ತು ಬೆನ್ನಿಗೆ ನಳಿಗೆ ಇಟ್ಟು ಕೇಳಿದರು. ಕೆಲಸ ಬಿಟ್ಟು ಆಗಲೇ ಐದು ವಾರವಾಗಿತ್ತು. "ಈಗ ಎದಿ ಸ್ವಚ್ಛ ಐತಿ" ಎಂದರು. "ಇದು ಆ ಬೂಷ್ಟಿಂದನ ಬಂದಿರಬೇಕು ಅಂತ ನನಗ ಅನಸತೈತಿ. ಆದ್ರ ಅನಸೂದು ಬ್ಯಾರೆ, ಸಾಕ್ಷಿ ಹೇಳೂದು ಬ್ಯಾರೆ. ನಾ ಕಣ್ಣಿಲೆ ಕಂಡಿಲ್ಲಲ್ಲ."

"ಮತ್ತ ಹ್ಯಾಂಗ ಮಾಡೂದ್ರಿ?" ಎಂದೆ.

ಅವರು ನನ್ನನ್ನಲ್ಲ, ನಮ್ಮವರನ್ನು ನೋಡಿ ಹೇಳಿದರು. "ಒಂದ ದಿನ ಮತ್ತ ಅಲ್ಲಿ ಕೆಲಸಾ ಮಾಡಬೇಕು. ಮುಂಜಾನೆ ನಾ ಎದಿ ನೋಡ್ತೇನಿ, ಸಂಜಿಗೆ ನೋಡ್ತೇನಿ. ಏನಾಗತೈತಿ ಅದನ್ನ ಬರೀತೇನಿ. ಒಂದ ದಿನದಾಗ ಜೀವಕ್ಕೇನೂ ಆಗಾಕಿಲ್ಲ ಅಂತ ನನ್ನ ಅಂದಾಜು. ಅಂದಾಜು ಅಂತನ ಹೇಳಾಕತ್ತೇನಿ. ಆಗೂದಿಲ್ಲ ಅಂದ್ರ ಬಿಡ್ರಿ, ನಾ ಒತ್ತಾಯ ಮಾಡಾಂವಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬೇಡವೆಂದೆ. ನಮ್ಮವರು ಹೋಗುತ್ತೇನೆಂದರು. ಊರು ಸಮೀಪಿಸುವ ಹೊತ್ತಿಗೆ ನಾನೇ, ಹೋಗಿಬನ್ನಿ, ಒಂದೇ ದಿನವಲ್ಲವೇ ಎನ್ನತೊಡಗಿದ್ದೆ. ಅವರು, ಹೆದರಿಕೆಯಾಗುತ್ತದೆ ಎನ್ನತೊಡಗಿದ್ದರು. ಹೀಗೆ ನಾಲ್ಕು ದಿನ ಒಬ್ಬರು ಹೌದೆಂದರೆ ಇನ್ನೊಬ್ಬರು ಬೇಡವೆಂದೆವು. ಕೊನೆಗೆ ಯಾರು ನಿರ್ಧಾರ ಮಾಡಿದೆವೋ ನೆನಪಿಲ್ಲ. ಜೊತೆಗಾರ ಒಂದು ದಿನ ತನ್ನ ಬದಲಿಗೆ ನಮ್ಮವರನ್ನು ಒಳಗೆ ಬಿಡಲು ಆಳುಗಳನ್ನು ನೋಡಿಕೊಳ್ಳುವ ಮುಕದ್ದಮನನ್ನು ಒಪ್ಪಿಸಿದ. ನಾವು ಡಾಕ್ಟರಿಗೆ ಒಂದು ಕಾರ್ಡು ಬರೆದೆವು.

ಅವರು ಹಿಂದಿನ ದಿನದ ಕೊನೆಯ ಬಸ್ಸಿಗೆ ಬಂದು ತಮ್ಮ ನೆಂಟರ ಮನೆಯಲ್ಲಿ ಇಳಿದರು. ಬೆಳಿಗ್ಗೆ ನಮ್ಮ ಮನೆಗೆ ಬಂದು ನಮ್ಮವರ ಎದೆ, ಬೆನ್ನು ನೋಡಿ, ಜ್ವರದ ಕಡ್ಡಿ ಇಟ್ಟು, ಒಂದು ವಹಿಯಲ್ಲಿ ಬರೆದುಕೊಂಡರು. ನಮ್ಮವರು ರೊಟ್ಟಿಯ ಗಂಟು ಹಿಡಿದು ಹೊರಟರು. ಬಾಗಿಲಲ್ಲಿ ಒಮ್ಮೆ ತಿರುಗಿ, "ಏನ ಹೇಳಲಿ? ಹೋಗಿ ಬರ್ತೇನಿ" ಎಂದರು. ನಾನು ಹೂಂ ಎಂದೆ.

ಆ ದಿನ ಶಾಲೆಯಲ್ಲಿ ಒಂದೇ ಕೂಡುವ ಲೆಕ್ಕವನ್ನು ಮೂರು ಸಲ ಹಲಗೆಯ ಮೇಲೆ ಬರೆದೆ. ಹುಡುಗಿಯರು ಕಿಸಕ್ಕನೆ ನಕ್ಕರು.

ಸಂಜೆ ಐದಕ್ಕೆ ನಮ್ಮವರು ಬಂದರು. ಹುಬ್ಬು, ಮೀಸೆ ಎಲ್ಲ ಬೂದಿ ಬಣ್ಣ. ಆದರೆ ಮುಖ ಗೆಲುವಾಗಿತ್ತು. ಹಳೆಯ ಜೊತೆಗಾರರ ಜೊತೆ ದಿನ ಕಳೆದ ಖುಷಿ. "ಏನೂ ಆಗಿಲ್ಲ ನೋಡ್" ಎಂದರು. "ಮೂರ ಹಗೇವಿಂದು ಜರಡಿ ಹಿಡದೇನಿ. ಕೆಮ್ಮ ಸುದ್ದಾ ಇಲ್ಲ."

ಡಾಕ್ಟರು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಎದೆ ನೋಡಿದರು. ಸ್ವಚ್ಛವಾಗಿತ್ತು. ಕಡ್ಡಿ ಇಟ್ಟರು. ಜ್ವರವಿರಲಿಲ್ಲ. "ಇರಲಿ, ಇನ್ನೂ ಹೊತ್ತ ಐತಿ" ಎಂದರು.

ನನಗೆ ಆಗ ಆದದ್ದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ. ನನಗೆ ನಿರಾಸೆಯಾಯಿತು. ಗಂಡ ಗಟ್ಟಿಯಾಗಿ ಮುಂದೆ ನಿಂತು ನಗುತ್ತಿದ್ದಾರೆ, ನನಗೆ ನಿರಾಸೆ. ಇಷ್ಟು ತಿಂಗಳು ಎಲ್ಲರಿಗೂ ಹೇಳಿಕೊಂಡು ಬಂದದ್ದು ಸುಳ್ಳಾಯಿತೇ, ಡಾಕ್ಟರು ಸುಮ್ಮನೆ ಬಂದಂತಾಯಿತೇ, ನಾಳೆ ವಕೀಲರಿಗೆ ಏನು ಹೇಳಲಿ. ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಇದೆಂಥ ಹೆಂಗಸು ನಾನು ಎಂದು ನನಗೇ ಗೊಂದಲವಾಯಿತು.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಉಣ್ಣಲು ಕೈ ತೊಳೆಯುತ್ತಿದ್ದರು. ತಂಬಿಗೆ ಕೈಯಿಂದ ಜಾರಿ ಬಿತ್ತು. "ಥಂಡಿ ಹತ್ತಾಕತ್ತೈತಿ" ಎಂದರು. ಅಷ್ಟರಲ್ಲಿ ಹಲ್ಲು ಕಟಕಟ ಎನ್ನತೊಡಗಿದವು. ಕಂಬಳಿ ಹೊದಿಸಿದೆ, ಅದರ ಮೇಲೆ ಕೌದಿ ಹೊದಿಸಿದೆ, ಆದರೂ ನಡುಕ ನಿಲ್ಲಲಿಲ್ಲ. ಕೆಮ್ಮು ಬಂತು, ಉಸಿರು ಚಿಕ್ಕದಾಯಿತು. ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು ಕಂದೀಲನ್ನು ಹತ್ತಿರ ಎಳೆದುಕೊಂಡರು. ಬೆನ್ನಿಗೆ ನಳಿಗೆ ಇಟ್ಟು ಕೇಳುತ್ತ ಕೇಳುತ್ತ ತಲೆ ಆಡಿಸಿದರು. ಆಮೇಲೆ ನಳಿಗೆಯನ್ನು ನನ್ನ ಕಡೆ ಚಾಚಿದರು.

"ಕೇಳ್ ತಂಗಿ. ನೀನೂ ಕೇಳ್."

ಕಿವಿಗೆ ಹಾಕಿಕೊಂಡೆ. ಕಾದ ಹೆಂಚಿನ ಮೇಲೆ ಉಪ್ಪಿನ ಹರಳು ಸಿಡಿದ ಹಾಗೆ ಚಿಟಚಿಟ ಸದ್ದು. ಪ್ರತಿ ಉಸಿರಿಗೂ. ನನ್ನ ಗಂಡನ ಎದೆಯೊಳಗೆ ಅದು ನಡೆಯುತ್ತಿತ್ತು, ಮತ್ತು ನನ್ನ ಮೈ ಹಗುರಾಗಿತ್ತು. ಸುಳ್ಳಲ್ಲ, ನಾವು ಹೇಳಿದ್ದು ಸುಳ್ಳಲ್ಲ. ಮರುಕ್ಷಣವೇ ಅವರ ತುಟಿ ಕಪ್ಪಾಗುತ್ತಿರುವುದು ಕಂಡು ನಾನು ಅಳತೊಡಗಿದೆ. ಡಾಕ್ಟರು ಹೆದರಿಕೆಯಿಂದ ಅಳುತ್ತಿದ್ದೇನೆಂದು ತಿಳಿದು, "ಎರಡ ದಿನದಾಗ ಇಳಿತೈತಿ, ಅಳಬ್ಯಾಡ" ಎಂದರು. ಅವರು ಅಂದು ವಾಪಸು ಹೋಗಲಿಲ್ಲ. ಮರುದಿನ, ಮೂರನೆಯ ದಿನ, ಹೀಗೆ ಎದೆ ಸ್ವಚ್ಛವಾಗುವವರೆಗೆ ಇದ್ದು ಎಲ್ಲ ಬರೆದುಕೊಂಡರು. ಹೇಳಿದ ಹಾಗೆಯೇ ಜ್ವರ ಇಳಿಯಿತು. ಉಸಿರು ಮಾತ್ರ ಒಂದು ವಾರ ಸರಿಹೋಗಲಿಲ್ಲ.

ವಹಿಯಲ್ಲಿ ಏನೇ ಇರಲಿ, ಡಾಕ್ಟರು ಅಪಘಾತಕ್ಕೊಂದು ಹೌದು ಅಂದರೆ ಸಾಕೆಂದು ವಕೀಲರು ಅರ್ಜಿ ಹಾಕಿದರು. ಅರ್ಜಿ ಕೇಳುವ ಸಾಹೇಬರು ಆಗಾಗ ಮುದ್ದೇಬಿಹಾಳಕ್ಕೆ ಬಂದು ಕಚೇರಿಯ ಒಂದು ಕೋಣೆಯಲ್ಲಿ ಕೂರುತ್ತಿದ್ದರು. ಮೈಸೂರು ಕಡೆಯವರು. ಅವರ ಕನ್ನಡ ನಮಗೆ ಪುಸ್ತಕದ ಹಾಗೆ, ನಮ್ಮ ಕನ್ನಡ ಅವರಿಗೆ ಅರ್ಧ ಅರ್ಥ. ನಮ್ಮವರನ್ನು ಕೂಗಿದಾಗ ಸಾಹುಕಾರರು ಬೆಂಚಿನ ಮೇಲೆ ಕೂತಿದ್ದರು. ನಮ್ಮವರು ರೂಢಿಯಂತೆ ಅವರಿಗೆ ನಮಸ್ಕಾರ ಮಾಡಿದರು. ಅವರೂ ಕೈ ಮುಗಿದು, "ಈಗ ಹ್ಯಾಂಗದಿ?" ಎಂದು ಕೇಳಿದರು. ನಮ್ಮ ವಕೀಲರು ಹಲ್ಲು ಕಡಿದರು.

ಡಾಕ್ಟರ ಸಾಕ್ಷಿ ಶುರುವಾಯಿತು. ಅವರು ವಹಿ ತೆರೆದು, ಯಾವ ಹೊತ್ತಿಗೆ ಏನು ಕಂಡೆ ಎಂದು ಒಂದೊಂದೇ ಹೇಳಿದರು. ಬರೆದುಕೊಳ್ಳುವ ಕಾರಕೂನರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಡಾಕ್ಟರು ನಡುವೆ ನಿಲ್ಲಿಸಿ, "ಬೂಷ್ಟಿಗೆ ಏನಂತ ಬರದ್ರಿ?" ಎಂದರು.

"ಡಸ್ಟ್."

"ಡಸ್ಟ್ ಅಂದ್ರ ಧೂಳ ಅಲ್ರಿ? ಇದು ಧೂಳಲ್ಲ. ಫಂಗಸ್ ಬರೀರಿ."

ಕಾರಕೂನರು ಸಾಹೇಬರ ಮುಖ ನೋಡಿದರು. ಸಾಹೇಬರು, "ಬೂಷ್ಟು ಎಂದರೇನು?" ಎಂದು ಕೇಳಿದರು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ವಿವರಿಸತೊಡಗಿದರು. ಸಾಹುಕಾರರ ವಕೀಲರು ಕೂಡ. ಹಳೆ ರೊಟ್ಟಿಯ ಮೇಲೆ ಬರುವುದು, ಮಳೆಗಾಲದಲ್ಲಿ ಚಪ್ಪಲಿಗೆ ಹತ್ತುವುದು ಎಂದು. ಕೊನೆಗೆ ಸಾಹೇಬರು "ಓ, ಬೂಸಲು" ಎಂದು ನಕ್ಕರು. ಆ ಒಂದು ಗಳಿಗೆ ಎಲ್ಲರೂ ಒಂದೇ ಪಕ್ಷದವರಂತೆ ಕಂಡರು.

ಆಮೇಲೆ ಸಾಹುಕಾರರ ವಕೀಲರು ಎದ್ದರು. "ಈ ರೋಗದ ಹೆಸರೇನ್ರಿ ಡಾಕ್ಟರ್ರ?"

"ಗೊತ್ತಿಲ್ಲ."

"ಯಾವ ಪುಸ್ತಕದಾಗ ಓದೀರಿ?"

"ನಾ ಕಲಿತ ಪುಸ್ತಕದಾಗ ಇದ್ದಿಲ್ಲ. ಬ್ಯಾರೆ ಯಾವುದರಾಗರ ಇರಬಹುದು, ನಾ ನೋಡಿಲ್ಲ."

"ಅಂದ್ರ ಹೆಸರಿಲ್ಲದ ರೋಗ. ಅದೂ ಕೆಲಸದಿಂದ ತಗದ ಮ್ಯಾಲೆ ಮತ್ತೊಬ್ಬನ ಹಾಜರಿಯೊಳಗ ಕದ್ದ ಹೋಗಿ ಹಚಗೊಂಡ ರೋಗ."

"ಹೆಸರ ನನಗ ಗೊತ್ತಿಲ್ಲ ಅಂದೆ. ರೋಗ ಇಲ್ಲ ಅನ್ಲಿಲ್ಲ" ಎಂದರು ಡಾಕ್ಟರು. ದನಿ ಏರಲಿಲ್ಲ.

ಆಗ ಸಾಹೇಬರೇ ಕೇಳಿದರು. "ಹಗೇವಿನಲ್ಲಿ ಬಿದ್ದರಲ್ಲ, ಆ ಅಪಘಾತದಿಂದ ಈ ಕಾಯಿಲೆ ಬಂದಿದೆ ಎಂದು ನೀವು ಹೇಳಬಲ್ಲಿರಾ?"

ನಮ್ಮ ವಕೀಲರು ಕುರ್ಚಿಯ ತುದಿಗೆ ಬಂದರು. ಇದೊಂದು ಪ್ರಶ್ನೆಗಾಗಿಯೇ ಎಲ್ಲ ನಡೆದಿತ್ತು. ಡಾಕ್ಟರು ನಮ್ಮವರ ಕಡೆ ನೋಡಿದರು. ನಮ್ಮವರು ತಲೆ ತಗ್ಗಿಸಿದ್ದರು. ನಾನು ಮನಸ್ಸಿನಲ್ಲಿ "ಹೌದು ಅನ್ನಿ, ಹೌದು ಅನ್ನಿ" ಎನ್ನುತ್ತಿದ್ದೆ. ಅದೇ ಗಳಿಗೆಗೆ ಅವರು ಹಾಗೆ ಅನ್ನಲಾರರೆಂದೂ ನನಗೆ ಗೊತ್ತಿತ್ತು.

"ಇಲ್ರಿ. ಬಿದ್ದಿದ್ದು ಕೆಟ್ಟ ಗಾಳಿಯಿಂದ. ಅದು ಬ್ಯಾರೆ. ಈ ಜ್ವರ, ಕೆಮ್ಮ ಅದಕಿಂತ ಮೊದಲ ಶುರುವಾಗ್ಯಾವು. ಇದು ದಿನಾ ಬೂಷ್ಟ ಕುಡದದ್ದರಿಂದ."

ವಕೀಲರು ಕಾಗದಗಳನ್ನು ಒಟ್ಟುಮಾಡಿ ಕಟ್ಟಿದರು. ಹೊರಗೆ ಬಂದ ಮೇಲೆ ಡಾಕ್ಟರ ಮೇಲೆ ಹರಿಹಾಯ್ದರು. "ಒಂದ ಮಾತು, ಒಂದ ಮಾತು ಹೌದ ಅಂದಿದ್ರ ಮುಗದಿತ್ತು!" ಡಾಕ್ಟರು ಉತ್ತರ ಕೊಡದೆ ನಮ್ಮವರ ಹತ್ತಿರ ಬಂದು, "ತಮ್ಮಾ, ನಿನಗ ನುಕಸಾನ ಮಾಡಿದೆ" ಎಂದರು.

ನಮ್ಮವರು, "ನನಗ ಏನಾಗೇತಿ ಅಂತ ಇವತ್ತ ತಿಳೀತ್ರಿ" ಎಂದರು. ಅದು ಸಮಾಧಾನದ ಮಾತೋ, ಸಂಕಟದ ಮಾತೋ ಅವರ ಮುಖದಿಂದ ನನಗೆ ತಿಳಿಯಲಿಲ್ಲ.

ಎರಡು ತಿಂಗಳಿಗೆ ಹುಕುಮು ಬಂತು. ಇಂಗ್ಲಿಷಿನಲ್ಲಿತ್ತು. ವಕೀಲರು ಓದಿ ಹೇಳಿದರು. ಹಗೇವಿನಲ್ಲಿ ಬಿದ್ದು ಮಲಗಿದ ದಿನಗಳಿಗೆ ಮಾತ್ರ ಏನೋ ಸ್ವಲ್ಪ ಪರಿಹಾರ. ಕೆಮ್ಮಿಗೆ, ಉಸಿರಿಗೆ ಏನೂ ಇಲ್ಲ. ಆದರೆ ಡಾಕ್ಟರ ಹೇಳಿಕೆಯನ್ನು ನಂಬುತ್ತೇನೆ ಎಂದು ಸಾಹೇಬರು ಒಂದು ಸಾಲು ಬರೆದಿದ್ದರು. ನಂಬುತ್ತೇನೆ, ಆದರೂ ಕಾಯಿದೆಯಲ್ಲಿ ಜಾಗ ಇಲ್ಲ. ಗೆದ್ದೆವೋ ಸೋತೆವೋ ಎಂದು ಪಕ್ಕದ ಮನೆಯವರು ಕೇಳಿದರೆ ನಾನು ಎರಡು ದಿನಕ್ಕೆ ಎರಡು ಬಗೆಯಾಗಿ ಹೇಳುತ್ತಿದ್ದೆ.

ಸಾಹುಕಾರರು ಆ ವರ್ಷದ ಕೊನೆಗೆ ಹಳೆಯ ಹಗೇವುಗಳನ್ನು ಮಣ್ಣು ತುಂಬಿ ಮುಚ್ಚಿಸಿದರಂತೆ. ಡಾಕ್ಟರ ಮಾತು ಕೇಳಿಯೋ, ಹೇಗೂ ನೀರು ಇಳಿಯುತ್ತದೆಂದೋ, ಯಾರೂ ಹೇಳಲಿಲ್ಲ. ನಮ್ಮವರು ಮೂಟೆ ಎತ್ತುವ ಕೆಲಸಕ್ಕೆ ಮತ್ತೆ ಆಗಲಿಲ್ಲ. ಇಂಡಿಯ ಕಡೆ ಓಡಾಡುವ ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿತು. ಗಾಳಿಯಲ್ಲಿ ನಿಂತು ಹೋಗುವ ಕೆಲಸ. ಜ್ವರ ಮತ್ತೆ ಬರಲಿಲ್ಲ, ಆದರೆ ಬಸ್ಸಿನ ಏಣಿ ಹತ್ತಿ ಮೇಲಿನ ಗಂಟು ಇಳಿಸಿದರೆ ಸ್ವಲ್ಪ ಹೊತ್ತು ಕೂರಬೇಕಾಗುತ್ತಿತ್ತು. ಆ ಒಂದು ದಿನದ ಕೆಲಸ ಅವರ ಉಸಿರಿನಿಂದ ಏನನ್ನಾದರೂ ಶಾಶ್ವತವಾಗಿ ಕಿತ್ತುಕೊಂಡಿತೇ ಎಂದು ಡಾಕ್ಟರನ್ನು ಕೇಳಿದ್ದೆ. "ಹೇಳಾಕ ಬರೂದಿಲ್ಲ ತಂಗಿ" ಎಂದಿದ್ದರು. ಅವರು ಎಂದೂ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ. ಆ ಗುಣವನ್ನು ನಾನು ಗೌರವಿಸುತ್ತಿದ್ದೆ. ಕೆಲವು ದಿನ ಅದಕ್ಕಾಗಿ ಅವರ ಮೇಲೆ ಸಿಟ್ಟೂ ಬರುತ್ತಿತ್ತು.

ಮರುವರ್ಷ ನಾವು ಬಾಗೇವಾಡಿಗೆ ಅವರನ್ನು ಕಾಣಲು ಹೋದೆವು. ಪಡಸಾಲೆಯಲ್ಲಿ ಒಬ್ಬ ಗಂಡಸು ಕೂತಿದ್ದರು. ಗೊಳಸಂಗಿ ಊರಿನವರು, ಯಾರದೋ ಹಳೆಯ ಹಗೇವು ತೆಗೆಯಲು ಹೋಗುತ್ತಿದ್ದವರು. ಡಾಕ್ಟರು ನಮ್ಮವರನ್ನು ನೋಡಿದ್ದೇ, "ಬಾ, ನಿನ್ನ ದಾರೀನ ನೋಡಾಕತ್ತಿದ್ದೆ. ಇವರ ಮುಂದ ನಿಂದೆಲ್ಲಾ ಹೇಳು" ಎಂದರು.

ನಮ್ಮವರು ಚಪ್ಪಲಿ ಬಿಟ್ಟು ಹಗ್ಗದ ಮಂಚದ ಮೇಲೆ ಆ ಗಂಡಸಿನ ಪಕ್ಕ ಕೂತರು. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ಮೊಣಕಾಲು ಸವರಿಕೊಂಡರು. ಅಷ್ಟರಲ್ಲಿ ಆ ಗಂಡಸೇ ತಗ್ಗಿದ ದನಿಯಲ್ಲಿ ಕೇಳಿದರು.

"ನಿಮಗೂ ಉಣ್ಣೂ ಹೊತ್ತಿಗೇ ನಡುಕ ಹತ್ತತಿತ್ತೇನ್ರಿ?"

"ಹೌದ್ರಿ" ಎಂದರು ನಮ್ಮವರು. ಆಮೇಲೆ ಮೊದಲಿನಿಂದ ಹೇಳತೊಡಗಿದರು. ನಾನು ಒಳಗೆ ಡಾಕ್ಟರ ಹೆಂಡತಿಯ ಹತ್ತಿರ ಹೋದೆ. ಅವರು ಚಹಾಕ್ಕೆ ನೀರಿಟ್ಟಿದ್ದರು.